ಪೋಷಕರೂ ಸರ್ಕಾರಿ ಶಾಲೆಯೂ: ಒಂದು ಹಿನ್ನೋಟ

ಊರಿನಿಂದ ಬಂದ ನೆಂಟರಿಷ್ಟರನ್ನು ಇಂದ್ರಕೀಲಾದ್ರಿಗೆ ಕರೆದೊಯ್ಯುವುದು ವಿಜಯವಾಡದ ನಮ್ಮ ಮನೆಗಳಲ್ಲಿ ವಾಡಿಕೆ. ಅರ್ಜುನನು ಪಾಶುಪತಾಸ್ತ್ರಕ್ಕಾಗಿ ತಪಸ್ಸು ಮಾಡಿದ ಬೆಟ್ಟ ಇದೇ ಎಂಬ ನಂಬಿಕೆ ಇದೆಯಷ್ಟೆ. ಆದರೆ ತಪಸ್ಸೊಂದರಿಂದಲೇ ಅಸ್ತ್ರ ಕೈಸೇರಲಿಲ್ಲ. ಕಿರಾತನೊಡನೆ ಹಂದಿಗಾಗಿ ವಾದಿಸಿ, ಹೋರಾಡಿದ ಮೇಲೆಯೇ ಶಿವನು ಒಲಿದನು. ನ್ಯಾಯವೆಂದು ತೋರಿದ್ದನ್ನು ಎದುರು ನಿಂತು ಕೇಳುವುದು ಅವಿನಯವಲ್ಲ. ಮಕ್ಕಳ ಶಾಲೆಯ ವಿಷಯದಲ್ಲಿ ಈ ಮಾತನ್ನು ನಾವು ಮರೆತಿದ್ದೇವೆ.

ನಮ್ಮ ತಂದೆತಾಯಿಗಳ ಕಾಲದಲ್ಲಿ ಮಗುವನ್ನು ಮೇಷ್ಟರಿಗೆ ಒಪ್ಪಿಸಿದರೆ ಮುಗಿಯಿತು. ಮನೆಯವರು ಮತ್ತೆ ಶಾಲೆಯ ಮೆಟ್ಟಿಲು ಹತ್ತುತ್ತಿದ್ದುದು ಹುಡುಗನ ಮೇಲೆ ದೂರು ಬಂದಾಗ ಮಾತ್ರ. ಈ ರೂಢಿಯನ್ನು ಬದಲಿಸಲು ಕಾನೂನೇ ಬರಬೇಕಾಯಿತು. ಶಾಲಾ ಶಿಕ್ಷಣದಲ್ಲಿ ಜನರ ಪಾಲ್ಗೊಳ್ಳುವಿಕೆಗೆಂದೇ 1998ರಲ್ಲಿ ಆಂಧ್ರಪ್ರದೇಶವು ಒಂದು ಕಾಯಿದೆ ಮಾಡಿ, ಪೋಷಕರ ಶಾಲಾ ಸಮಿತಿಗಳಿಗೆ ಅವಕಾಶ ಕೊಟ್ಟಿತು. ಕರ್ನಾಟಕದಲ್ಲಿ ವಿಜ್ಞಾನಿ ಡಾ. ರಾಜಾ ರಾಮಣ್ಣನವರ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಸಲಹೆಯ ಹಿನ್ನೆಲೆಯಲ್ಲಿ, 2001ರಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಹುಟ್ಟಿದವು. ಊರಿನ ಜನ ಎಸ್.ಡಿ.ಎಂ.ಸಿ. ಎನ್ನುವುದು ಇದನ್ನೇ.

2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆ ಇದನ್ನು ದೇಶಕ್ಕೆಲ್ಲ ಹಬ್ಬಿಸಿತು. ಅದರ 21ನೆಯ ಕಲಮಿನ ಪ್ರಕಾರ ಶಾಲಾ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರಿರಬೇಕು. ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಾಗಿರಬೇಕು. 22ನೆಯ ಕಲಮು ಇನ್ನೂ ಮುಖ್ಯವಾದದ್ದು. ಸಮಿತಿಯು ಶಾಲೆಯ ಅಭಿವೃದ್ಧಿ ಯೋಜನೆಯನ್ನು ತಯಾರಿಸಬೇಕು; ಸರ್ಕಾರ ಕೊಡುವ ಅನುದಾನಕ್ಕೆ ಆ ಯೋಜನೆಯೇ ಆಧಾರ. ಕಚೇರಿಯಲ್ಲಿ ಕಡತ ನೋಡುವ ನನ್ನಂಥವನಿಗೆ ಇದರ ಬೆಲೆ ಗೊತ್ತು. ಗೇಟಿನ ಬಳಿ ಆಡಿದ ಮಾತು ಗಾಳಿಗೆ ಹೋಗುತ್ತದೆ. ಯೋಜನೆಯಲ್ಲಿ ಬರೆದದ್ದಕ್ಕೆ ಯಾರಾದರೂ ಉತ್ತರ ಕೊಡಲೇಬೇಕು.

ಸಮಿತಿಗೆ ಕೆಲಸ ಒಪ್ಪಿಸಿದರೆ ನಡೆಯುವುದೇ? 2019ರ ನವೆಂಬರಿನಲ್ಲಿ ಆಂಧ್ರದಲ್ಲಿ ಆರಂಭವಾದ ‘ನಾಡು–ನೇಡು’ ಯೋಜನೆಯ ಮೊದಲ ಹಂತದಲ್ಲಿ 15,000ಕ್ಕೂ ಹೆಚ್ಚು ಶಾಲೆಗಳಲ್ಲಿ ಶೌಚಾಲಯ, ಕುಡಿಯುವ ನೀರು, ಬೆಂಚು, ಫ್ಯಾನು ಮುಂತಾದ ಕೆಲಸಗಳನ್ನು ಗುತ್ತಿಗೆದಾರರಿಗೆ ಬಿಡದೆ ಪೋಷಕರ ಸಮಿತಿಗಳ ಮೂಲಕವೇ ಮಾಡಿಸಲಾಯಿತು.

ಇನ್ನು ನಮ್ಮ ಮಾತು. ಸಂಬಳ ಬರುವ, ಅರ್ಜಿ ಬರೆಯಬಲ್ಲ ನಾವು ಬಹುಮಟ್ಟಿಗೆ ನಮ್ಮ ಮಕ್ಕಳನ್ನು ಖಾಸಗಿ ಶಾಲೆಗೆ ಕಳುಹಿಸಿದೆವು. ಅನುದಾನರಹಿತ ಖಾಸಗಿ ಶಾಲೆಗೆ 21ನೆಯ ಕಲಮು ಅನ್ವಯಿಸದು. ಶುಲ್ಕ ಕಟ್ಟಿ ಮಾತಿನ ಹಕ್ಕನ್ನು ಕಳೆದುಕೊಂಡವರು ನಾವು. ಸರ್ಕಾರಿ ಶಾಲೆಯ ಸಮಿತಿಯಲ್ಲಿ ಉಳಿದದ್ದು ಒಂದು ದಿನದ ಕೂಲಿ ಬಿಟ್ಟು ಸಭೆಗೆ ಬರಬೇಕಾದ ತಾಯಿ. ಆಕೆಗೆ ಏನು ಬೇಕೆಂಬುದು ಗೊತ್ತು; ಅದನ್ನು ಕಾಗದದ ಮೇಲೆ ತರುವ ಅಭ್ಯಾಸವಿಲ್ಲ. ಆ ಅಭ್ಯಾಸವಿರುವ ನಾವು ಅಲ್ಲಿಲ್ಲ.

ಆದುದರಿಂದ ಬಾಂಧವರಲ್ಲಿ ಒಂದು ವಿನಂತಿ. ಮಕ್ಕಳು ಸರ್ಕಾರಿ, ಪುರಸಭೆಯ ಅಥವಾ ಕೇಂದ್ರೀಯ ಶಾಲೆಯಲ್ಲಿದ್ದರೆ ಸಭೆಯನ್ನು ತಪ್ಪಿಸಬೇಡಿ. ಇಲ್ಲದಿದ್ದರೆ, ಮನೆಗೆಲಸಕ್ಕೆ ಬರುವಾಕೆಯ ಮಗುವಿನ ಶಾಲೆಯ ಬಗ್ಗೆ ಒಮ್ಮೆ ವಿಚಾರಿಸಿ. ಆಕೆಯ ಮಾತನ್ನು ತೆಲುಗಿನಲ್ಲಿ ಅಚ್ಚುಕಟ್ಟಾಗಿ ಬರೆದುಕೊಡಿಸಿ. ಈ ನೆಲದ ಅನ್ನ ಉಂಡವರು ತೀರಿಸಬಹುದಾದ ಸಣ್ಣ ಋಣ ಇದು.