‘ಮುಂದಿನ ಸಲ ಉಚಿತ’ ಎನ್ನುವ ಹೋಟೆಲ್ ವೋಚರ್: ನಿಯಮ ಏನು, ನಿಮ್ಮ ಹಕ್ಕು ಎಷ್ಟು?

ರೆಸಾರ್ಟ್‌ನಲ್ಲಿ ಒಂದು ರಾತ್ರಿ ತಂಗಿ ಹೊರಡುವಾಗ ಬಿಲ್ಲಿನ ಜೊತೆ ಒಂದು ಬಣ್ಣದ ಕಾಗದ ಕೈಗೆ ಬರುತ್ತದೆ: ‘ಮುಂದಿನ ಭೇಟಿಗೆ 1,500 ರೂಪಾಯಿ ರಿಯಾಯಿತಿ.’ ಮೈಸೂರಿನ ಮಾಲ್‌ನಲ್ಲಿ ಚೀಟಿ ತುಂಬಿ ಹಾಕಿದವರಿಗೆ ಎರಡು ದಿನ ಬಿಟ್ಟು ಫೋನ್ ಬರುತ್ತದೆ: ‘ನಿಮಗೆ ಮೂರು ದಿನ, ಎರಡು ರಾತ್ರಿಯ ಉಚಿತ ವಾಸ್ತವ್ಯ ಸಿಕ್ಕಿದೆ.’ ಹರವೆ, ತೆರಕಣಾಂಬಿ, ಗುಂಡ್ಲುಪೇಟೆ ಕಡೆಯವರಿಗೆ ಬಂಡೀಪುರವೂ ಊಟಿಯೂ ಹತ್ತಿರ. ಹಾಗಾಗಿ ಇಂಥ ವೋಚರ್ ಬೀರುವಿನಲ್ಲಿ ಕೂರುವುದಿಲ್ಲ, ಬಳಕೆಗೆ ಬರುತ್ತದೆ. ಬಳಸಲು ಹೋದಾಗಲೇ ತಕರಾರು ಶುರು: ‘ಇದು ಶನಿವಾರ ನಡೆಯುವುದಿಲ್ಲ’, ‘ಅವಧಿ ಮುಗಿದಿದೆ’, ‘ಊಟದ ದುಡ್ಡು ಬೇರೆ’.

ಇದರಲ್ಲಿ ಯಾವುದು ಹೋಟೆಲಿನವರ ಹಕ್ಕು, ಯಾವುದು ಮೋಸ? ಈ ಲೇಖನದಲ್ಲಿ ಅದನ್ನು ಬಿಡಿಸಿ ನೋಡೋಣ.

ಮೊದಲು ತಿಳಿಯಬೇಕಾದದ್ದು: ವೋಚರ್‌ನಲ್ಲಿ ಮೂರು ಬಗೆ

ನೋಡಲು ಒಂದೇ ರೀತಿ ಇದ್ದರೂ ಹೋಟೆಲ್ ವೋಚರ್‌ಗಳನ್ನು ಮುಖ್ಯವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು.

1. ಪ್ರಚಾರದ ವೋಚರ್: ನಿಮ್ಮನ್ನು ಮತ್ತೆ ಕರೆತರಲು ಹೋಟೆಲ್ ತಾನಾಗಿ ಕೊಡುವುದು. ಇದಕ್ಕೆಂದು ನೀವು ಬೇರೆ ಹಣ ಕೊಟ್ಟಿರುವುದಿಲ್ಲ.

2. ಉಡುಗೊರೆ ವೋಚರ್: ನೀವೋ ನಿಮ್ಮ ನೆಂಟರೋ ಮುಂಗಡ ಹಣ ಕೊಟ್ಟು ಕೊಂಡದ್ದು.

3. ರದ್ದತಿಯ ವೋಚರ್: ಬುಕಿಂಗ್ ರದ್ದಾದಾಗ ಹಣ ವಾಪಸ್ ಕೊಡುವ ಬದಲು ‘ಮುಂದೆ ಬಳಸಿಕೊಳ್ಳಿ’ ಎಂದು ಕೊಡುವುದು.

ಎರಡನೆಯ ಮತ್ತು ಮೂರನೆಯ ಬಗೆಯಲ್ಲಿ ಹೋಟೆಲಿನ ಬಳಿ ಇರುವುದು ನಿಮ್ಮ ಹಣ. ಮೊದಲನೆಯದರಲ್ಲಿ ನಿಮ್ಮ ಬಳಿ ಇರುವುದು ಹೋಟೆಲಿನ ಮಾತು ಮಾತ್ರ. ಮುಂದಿನ ಎಲ್ಲ ವಿವರಗಳೂ ಈ ವ್ಯತ್ಯಾಸದ ಮೇಲೇ ನಿಂತಿವೆ.

ತಪ್ಪು ತಿಳಿವಳಿಕೆ 1: ‘ವೋಚರ್ ಎಂದರೆ ಹಣ ಇದ್ದಂತೆ’

ಪ್ರಚಾರದ ವೋಚರ್ ಹಣವಲ್ಲ, ಷರತ್ತುಬದ್ಧ ರಿಯಾಯಿತಿ. ಯಾವ ದಿನ, ಯಾವ ಬಗೆಯ ಕೊಠಡಿ, ಕನಿಷ್ಠ ಎಷ್ಟು ರಾತ್ರಿ ಎಂಬ ಮಿತಿಗಳನ್ನು ಹೋಟೆಲ್ ಹಾಕಬಹುದು. ದಸರಾ, ಬೇಸಿಗೆ ರಜೆ, ವರ್ಷಾಂತ್ಯ ಮತ್ತು ವಾರಾಂತ್ಯದ ದಿನಗಳನ್ನು ಹೊರಗಿಡುವುದು ಸಾಮಾನ್ಯ. ಖಾಲಿ ಉಳಿಯುವ ಕೊಠಡಿಗಳನ್ನು ತುಂಬಿಸುವುದೇ ಈ ವೋಚರ್‌ನ ಉದ್ದೇಶ. ಹೇಗೂ ತುಂಬುವ ದಿನಗಳಲ್ಲಿ ರಿಯಾಯಿತಿ ಕೊಡುವುದರಿಂದ ಹೋಟೆಲಿಗೆ ಲಾಭವಿಲ್ಲ.

ಹಣಕ್ಕೂ ರಿಯಾಯಿತಿಗೂ ಇರುವ ವ್ಯತ್ಯಾಸ ಬಿಲ್ಲಿನಲ್ಲೂ ಕಾಣುತ್ತದೆ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೊಠಡಿಗೆ ಶೇ 5, ಅದಕ್ಕಿಂತ ಹೆಚ್ಚಿನದಕ್ಕೆ ಶೇ 18 ಜಿಎಸ್‌ಟಿ ಇದೆ. ಕೊಠಡಿ ಬಾಡಿಗೆ 6,000 ರೂಪಾಯಿ, ನಿಮ್ಮ ಬಳಿ 1,500ರ ವೋಚರ್ ಇದೆ ಎಂದುಕೊಳ್ಳಿ.

ಅದು ರಿಯಾಯಿತಿ ವೋಚರ್ ಆಗಿದ್ದು ಬಿಲ್ಲಿನಲ್ಲಿ ರಿಯಾಯಿತಿ ಎಂದೇ ತೋರಿಸಿದರೆ ತೆರಿಗೆ ಬೀಳುವುದು 4,500ರ ಮೇಲೆ. ತೆರಿಗೆ 225, ನೀವು ಕೊಡಬೇಕಾದದ್ದು 4,725 ರೂಪಾಯಿ.

ಅದು ಹಣ ಕೊಟ್ಟು ಕೊಂಡ ಉಡುಗೊರೆ ವೋಚರ್ ಆಗಿದ್ದರೆ ಅದನ್ನು ಪಾವತಿ ಎಂದು ಎಣಿಸಬೇಕು. ಆಗ ತೆರಿಗೆ ಪೂರ್ತಿ 6,000ದ ಮೇಲೆ. 300 ಸೇರಿ 6,300, ಅದರಲ್ಲಿ 1,500 ಕಳೆದು 4,800 ರೂಪಾಯಿ.

ಇಲ್ಲಿ ವ್ಯತ್ಯಾಸ 75 ರೂಪಾಯಿ ಅಷ್ಟೇ. ಆದರೆ ರಿಯಾಯಿತಿ ವೋಚರ್ ಕೊಟ್ಟ ಮೇಲೂ ಪೂರ್ತಿ ಬಾಡಿಗೆಯ ಮೇಲೆ ತೆರಿಗೆ ಹಾಕಿದ್ದರೆ ಕಾರಣ ಕೇಳಿ.

ತಪ್ಪು ತಿಳಿವಳಿಕೆ 2: ‘ಆರ್‌ಬಿಐ ನಿಯಮದಂತೆ ಯಾವ ವೋಚರ್ ಆದರೂ ಒಂದು ವರ್ಷ ನಡೆಯಲೇಬೇಕು’

ವಾಟ್ಸ್ಆ್ಯಪ್‌ನಲ್ಲಿ ಓಡಾಡುವ ಈ ಮಾತು ಅರ್ಧ ಸತ್ಯ. ರಿಸರ್ವ್ ಬ್ಯಾಂಕಿನ 2021ರ ಮಾರ್ಗಸೂಚಿಯಲ್ಲಿ ಒಂದು ವರ್ಷದ ಕನಿಷ್ಠ ಅವಧಿ ಇರುವುದು ನಿಜ. ಆದರೆ ಅದು ಬೇರೆ ಬೇರೆ ಅಂಗಡಿಗಳಲ್ಲಿ ನಡೆಯುವ ಪ್ರೀಪೇಯ್ಡ್ ವ್ಯಾಲೆಟ್ ಮತ್ತು ಗಿಫ್ಟ್ ಕಾರ್ಡ್‌ಗಳಿಗೆ. ಒಂದು ಸಂಸ್ಥೆ ತನ್ನಲ್ಲಿ ಮಾತ್ರ ಬಳಸಲು ಕೊಡುವ ವೋಚರ್‌ಗೆ ರಿಸರ್ವ್ ಬ್ಯಾಂಕಿನ ಅನುಮತಿಯೇ ಬೇಕಿಲ್ಲ. ಆದ್ದರಿಂದ ಆ ಅವಧಿಯ ನಿಯಮವೂ ಅದಕ್ಕೆ ತಾಗುವುದಿಲ್ಲ. ಮೂರು ತಿಂಗಳ ಅವಧಿಯ ಪ್ರಚಾರದ ವೋಚರ್ ಕಾನೂನುಬಾಹಿರವಲ್ಲ.

ಹಣ ಕೊಟ್ಟು ಕೊಂಡ ವೋಚರ್‌ನ ವಿಷಯ ಬೇರೆ. ಅವಧಿಯನ್ನು ನಿಮಗೆ ಮೊದಲೇ ತಿಳಿಸಿರಲಿಲ್ಲ, ಅಥವಾ ಅವಧಿಯೊಳಗೆ ಕೇಳಿದಾಗಲೆಲ್ಲ ‘ಕೊಠಡಿ ಇಲ್ಲ’ ಎಂದರು ಎಂದಾದರೆ ಅದು ಸೇವೆಯ ಲೋಪ ಎಂದು ದೂರು ಕೊಡಲು ಆಧಾರವಿದೆ.

ತಪ್ಪು ತಿಳಿವಳಿಕೆ 3: ‘ಉಚಿತ ಎಂದ ಮೇಲೆ ಕೇಳುವ ಹಾಗಿಲ್ಲ’

ಕೇಳಬಹುದು. ಪೂರ್ತಿ ಉಚಿತವಾಗಿ ಕೊಡುವ ಸೇವೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ‘ಸೇವೆ’ ಎಂಬ ಅರ್ಥದೊಳಗೆ ಬರುವುದಿಲ್ಲ, ನಿಜ. ಆದರೆ ಅದೇ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿಗಳನ್ನು ಪಟ್ಟಿ ಮಾಡಿದೆ. ಕೊಡುವ ಉದ್ದೇಶವಿಲ್ಲದೆ ಉಡುಗೊರೆ ಘೋಷಿಸುವುದು ಮತ್ತು ಬೆಲೆಯಲ್ಲೇ ಸೇರಿಸಿಕೊಂಡದ್ದನ್ನು ಉಚಿತ ಎಂದು ನಂಬಿಸುವುದು ಆ ಪಟ್ಟಿಯಲ್ಲಿವೆ. ‘ಈಗ ಎರಡು ರಾತ್ರಿ ತಂಗಿ, ಮುಂದಿನ ಸಲ ಒಂದು ರಾತ್ರಿ ಉಚಿತ’ ಎಂಬ ಮಾತಿಗೆ ಒಪ್ಪಿ ನೀವು ಹಣ ಕೊಟ್ಟಿದ್ದರೆ, ಆ ಮೂರನೆಯ ರಾತ್ರಿ ಬರೀ ದಾನವಲ್ಲ.

ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜೂನ್‌ನಲ್ಲಿ ಹೊರಡಿಸಿದ ಜಾಹೀರಾತು ಮಾರ್ಗಸೂಚಿಯೂ ಇಲ್ಲಿ ನೆರವಿಗೆ ಬರುತ್ತದೆ. ಅದರಂತೆ, ಕೊಡುಗೆಗೆ ಸ್ಪಂದಿಸುವ ಅನಿವಾರ್ಯ ಖರ್ಚು ಮತ್ತು ತಲುಪಿಸುವ ಖರ್ಚನ್ನು ಬಿಟ್ಟು ಬೇರೇನನ್ನಾದರೂ ಗ್ರಾಹಕ ಕೊಡಬೇಕಾದರೆ ಅದನ್ನು ‘ಉಚಿತ’ ಎನ್ನುವಂತಿಲ್ಲ. ಇನ್ನೊಂದು ನಿಯಮ ಕನ್ನಡಿಗರಿಗೆ ಮುಖ್ಯ: ಜಾಹೀರಾತಿನ ಹೇಳಿಕೆ ಯಾವ ಭಾಷೆಯಲ್ಲಿದೆಯೋ ಷರತ್ತೂ ಅದೇ ಭಾಷೆಯಲ್ಲಿರಬೇಕು. ‘ಉಚಿತ ವಾಸ್ತವ್ಯ’ ಎಂದು ಕನ್ನಡದಲ್ಲಿ ದೊಡ್ಡದಾಗಿ ಬರೆದು, ಷರತ್ತನ್ನು ಮಾತ್ರ ಇಂಗ್ಲಿಷಿನ ಇರುವೆ ಸಾಲಿನಂಥ ಅಕ್ಷರಗಳಲ್ಲಿ ಹಾಕುವುದು ಈ ನಿಯಮಕ್ಕೆ ವಿರುದ್ಧ.

ಮಾಲ್, ಪೆಟ್ರೋಲ್ ಬಂಕ್‌ಗಳ ಅದೃಷ್ಟ ಚೀಟಿಯಿಂದ ಬರುವ ‘ಉಚಿತ ವಾಸ್ತವ್ಯ’ದ ಕರೆಗಳಲ್ಲಿ ಹೆಚ್ಚು ಎಚ್ಚರ ಬೇಕು. ಅಲ್ಲಿ ಗಂಡ ಹೆಂಡತಿ ಇಬ್ಬರೂ ಬರಬೇಕೆನ್ನುತ್ತಾರೆ, ಗಂಟೆಗಟ್ಟಲೆ ಕೂರಿಸಿ ವರ್ಷಾನುಗಟ್ಟಲೆಯ ಸದಸ್ಯತ್ವ ಮಾರಲು ನೋಡುತ್ತಾರೆ. ಸದಸ್ಯತ್ವಕ್ಕೆ ಲಕ್ಷಗಟ್ಟಲೆ ಹಣ ಹೋಗಬಹುದು. ‘ಇವತ್ತೇ ಸಹಿ ಹಾಕಿದರೆ ಮಾತ್ರ ಈ ದರ’ ಎನ್ನುವುದು ಒತ್ತಡ ಹೇರುವ ತಂತ್ರ. ಕಾಗದವನ್ನು ಮನೆಗೆ ಒಯ್ದು ಓದಲು ಬಿಡದಿದ್ದರೆ ಎದ್ದು ಬನ್ನಿ. ಉಚಿತ ಕೊಠಡಿಗೆ ‘ತೆರಿಗೆ’, ‘ಪ್ರೊಸೆಸಿಂಗ್ ಶುಲ್ಕ’ ಎಂದು ಯಾರದೋ ಸ್ವಂತ ಯುಪಿಐ ಸಂಖ್ಯೆಗೆ ಮುಂಗಡ ಕೇಳಿದರೆ ಹಣ ಹಾಕಬೇಡಿ.

ಬಂಡೀಪುರ, ಊಟಿಗೆ ಹೋಗುವವರು ಗಮನಿಸಬೇಕಾದದ್ದು

ಕೊಠಡಿಯ ವೋಚರ್ ಕೊಠಡಿಗೆ ಮಾತ್ರ. ಬಂಡೀಪುರದಲ್ಲಿ ಸಫಾರಿ ನಡೆಸುವುದು ಅರಣ್ಯ ಇಲಾಖೆ ಮತ್ತು ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆ. ಖಾಸಗಿ ರೆಸಾರ್ಟ್‌ನ ವೋಚರ್ ನಿಮಗೆ ಸಫಾರಿ ಸೀಟಿನ ಖಾತರಿ ಕೊಡಲಾರದು. ಮೈಸೂರು ಜಿಲ್ಲೆಯ ಕಾಡಂಚಿನಲ್ಲಿ ಹುಲಿ ದಾಳಿಗಳು ನಡೆದ ಬಳಿಕ 2025ರ ನವೆಂಬರ್‌ನಲ್ಲಿ ಸರ್ಕಾರ ಬಂಡೀಪುರ ಮತ್ತು ನಾಗರಹೊಳೆಯಲ್ಲಿ ಸಫಾರಿ ನಿಲ್ಲಿಸಿತು. ಇಂಥ ಹೊತ್ತಿನಲ್ಲಿ ವೋಚರ್‌ನಲ್ಲಿ ‘ಸಫಾರಿ ಸಹಿತ’ ಎಂದು ಬರೆದಿದೆಯೇ, ಸಫಾರಿ ಇಲ್ಲವಾದರೆ ದಿನಾಂಕ ಬದಲಿಸಬಹುದೇ ಎಂಬ ಎರಡು ಸಾಲುಗಳೇ ನಿಮ್ಮ ಹಣ ಉಳಿಸುವುದು.

ಊಟಿಯ ಹೋಟೆಲ್ ವೋಚರ್ ಇದ್ದವರಿಗೂ ಒಂದು ಮಾತು. ನೀಲಗಿರಿಗೆ ಹೋಗುವ ಹೊರಗಿನ ವಾಹನಗಳಿಗೆ 2024ರ ಮೇ 7ರಿಂದ ಇ-ಪಾಸ್ ವ್ಯವಸ್ಥೆ ಬಂದಿದೆ. ಹೊರಡುವ ಮುನ್ನ ಅದನ್ನೂ ನೋಡಿಕೊಳ್ಳಿ. ಬಂಡೀಪುರ ಕಾಡಿನ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿರ್ಬಂಧವಿದೆ. ಗೇಟ್ ಹಾಕಿದ್ದರಿಂದ ಆ ರಾತ್ರಿ ತಲುಪಲಾಗದಿದ್ದರೆ ಹೋಟೆಲ್ ಅದನ್ನು ‘ಬಾರದ ಅತಿಥಿ’ ಎಂದು ಬರೆದುಕೊಂಡು ವೋಚರ್ ಮುಗಿಯಿತು ಎನ್ನಬಹುದು.

ರದ್ದಾದಾಗ ವೋಚರ್ ತೆಗೆದುಕೊಳ್ಳಲೇಬೇಕೇ?

ಕೋವಿಡ್ ಲಾಕ್‌ಡೌನ್ ಕಾಲದಲ್ಲಿ ಈ ಪ್ರಶ್ನೆ ದೊಡ್ಡದಾಗಿ ಎದ್ದಿತು. ವಿಮಾನ ಟಿಕೆಟ್‌ಗಳ ವಿಷಯದಲ್ಲಿ ಸುಪ್ರೀಂ ಕೋರ್ಟ್ 2020ರ ಅಕ್ಟೋಬರ್ 1ರಂದು ಒಂದು ವ್ಯವಸ್ಥೆಗೆ ಒಪ್ಪಿಗೆ ಕೊಟ್ಟಿತು. ಸಂಕಷ್ಟದಲ್ಲಿದ್ದ ಕಂಪನಿಗಳು ಹಣದ ಬದಲು 2021ರ ಮಾರ್ಚ್ 31ರವರೆಗೆ ನಡೆಯುವ ಕ್ರೆಡಿಟ್ ಕೊಡಬಹುದಿತ್ತು. ಅದನ್ನು ಬೇರೆಯವರಿಗೆ ವರ್ಗಾಯಿಸಬಹುದಿತ್ತು, ಬಳಸದೆ ಉಳಿದರೆ ಹಣ ಹಿಂದಿರುಗಿಸಬೇಕಿತ್ತು.

ಆ ತೀರ್ಪು ಹೋಟೆಲುಗಳಿಗೆ ನೇರವಾಗಿ ಅನ್ವಯವಾಗುವುದಿಲ್ಲ. ಹೋಟೆಲ್ ವಿಷಯದಲ್ಲಿ ಬುಕಿಂಗ್ ಷರತ್ತೇ ಮೊದಲ ಆಧಾರ. ಆದರೂ ರದ್ದು ಮಾಡಿದವರು ಹೋಟೆಲಿನವರೇ ಆಗಿದ್ದರೆ ಹಣವನ್ನೇ ಕೇಳಿ. ವೋಚರ್‌ಗೆ ಒಪ್ಪುವುದಾದರೆ ಅವಧಿ, ಮೊತ್ತ ಮತ್ತು ‘ಬಳಸದಿದ್ದರೆ ಹಣ ವಾಪಸ್’ ಎಂಬ ಮಾತನ್ನು ಇಮೇಲ್‌ನಲ್ಲೋ ವಾಟ್ಸ್ಆ್ಯಪ್‌ನಲ್ಲೋ ಬರೆಸಿಕೊಳ್ಳಿ.

ಬಳಸುವ ಮುನ್ನ ನೋಡಬೇಕಾದ ಏಳು ಅಂಶಗಳು

• ಕೊನೆಯ ದಿನಾಂಕ ಬುಕ್ ಮಾಡುವುದಕ್ಕೋ, ತಂಗಿ ಮುಗಿಸುವುದಕ್ಕೋ? ಹೆಚ್ಚಿನ ಜಗಳ ಇಲ್ಲೇ.
• ಯಾವ ದಿನಗಳು ಹೊರಗೆ?
• ಯಾವ ಕೊಠಡಿ, ಎಷ್ಟು ಜನ? ಮಕ್ಕಳಿಗೆ ಬೇರೆ ಹಣವೇ?
• ಊಟ, ತೆರಿಗೆ, ಸಫಾರಿ ಒಳಗೋ ಹೊರಗೋ?
• ಬೇರೆಯವರ ಹೆಸರಿಗೆ ಕೊಡಬಹುದೇ?
• ನೇರ ಬುಕಿಂಗ್‌ಗೆ ಮಾತ್ರವೇ, ಆ್ಯಪ್‌ಗಳಲ್ಲೂ ನಡೆಯುತ್ತದೆಯೇ?
• ಬೇರೆ ರಿಯಾಯಿತಿಯ ಜೊತೆ ಸೇರಿಸಬಹುದೇ? ಇಲ್ಲವಾದರೆ ವೋಚರ್ ಇಲ್ಲದ ದರವನ್ನೂ ಕೇಳಿ. ಕೆಲವೊಮ್ಮೆ ಅದೇ ಅಗ್ಗ.

ಬುಕ್ ಮಾಡುವಾಗಲೇ ವೋಚರ್ ಸಂಖ್ಯೆ ಹೇಳಿ. ಬಿಲ್ ಕೊಡುವ ಹೊತ್ತಿಗೆ ಕಾಗದ ತೆಗೆದರೆ ಒಪ್ಪದಿರಲು ಅವರಿಗೆ ಕಾರಣ ಸಿಗುತ್ತದೆ. ಎರಡೂ ಬದಿಯ ಫೋಟೊ ತೆಗೆದಿಟ್ಟುಕೊಳ್ಳಿ.

ಮಾತು ತಪ್ಪಿದರೆ ಎಲ್ಲಿ ಕೇಳುವುದು?

ಮೊದಲು ಹೋಟೆಲಿಗೆ ಬರಹದಲ್ಲಿ ದೂರು ಕೊಡಿ. ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅಲ್ಲೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ಹೋಟೆಲ್ ಊಟಿಯಲ್ಲಿರಲಿ, ಗೋವಾದಲ್ಲಿರಲಿ, ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಲು 2019ರ ಕಾಯ್ದೆ ಅವಕಾಶ ಕೊಟ್ಟಿದೆ. ಹರವೆಯವರು ಚಾಮರಾಜನಗರದ ಆಯೋಗಕ್ಕೆ ಹೋದರೆ ಸಾಕು. ನೀವು ಕೊಟ್ಟ ಮೊತ್ತ 5 ಲಕ್ಷ ರೂಪಾಯಿವರೆಗಿದ್ದರೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ. ತೊಂದರೆಯಾದ ದಿನದಿಂದ ಎರಡು ವರ್ಷದೊಳಗೆ ದೂರು ದಾಖಲಾಗಬೇಕು. ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೂ ಸಲ್ಲಿಸಬಹುದು.

ಒಟ್ಟಿನಲ್ಲಿ ಹೇಳುವುದಾದರೆ, ವೋಚರ್ ಕೈಗೆ ಬಂದಾಗ ಮೊತ್ತಕ್ಕಿಂತ ಮೊದಲು ‘ಇದರಲ್ಲಿ ನನ್ನ ಹಣ ಇದೆಯೇ?’ ಎಂದು ಕೇಳಿಕೊಳ್ಳಿ. ಇದ್ದರೆ ಬಿಡಬೇಡಿ, ಲೆಕ್ಕ ಕೇಳಿ. ಇಲ್ಲದಿದ್ದರೆ ಅದು ರಿಯಾಯಿತಿ. ನಿಮಗೆ ಹೇಗೂ ಹೋಗಬೇಕಿದ್ದ ಪ್ರವಾಸಕ್ಕೆ ಹೊಂದಿದರೆ ಬಳಸಿ, ಅದನ್ನು ಉಳಿಸಲೆಂದೇ ಪ್ರವಾಸ ಹೊರಡಬೇಡಿ.