ಕೈಗಾ ಗುಮ್ಮಟ ಮತ್ತು ಅರಬೈಲ್ ಘಟ್ಟ

ಮೊನ್ನೆ ಊರಿಗೆ ಹೋಗುವಾಗ ಬಸ್ಸು ಅರಬೈಲ್ ಘಟ್ಟ ಇಳಿಯುತ್ತಿತ್ತು. ಬೆಳಗಿನ ಜಾವ, ಮಂಜು ಬೇರೆ. ಡ್ರೈವರ್ ಸಾಹೇಬ್ರ ಒಂದು ಕೈಯಲ್ಲಿ ಸ್ಟೇರಿಂಗು, ಇನ್ನೊಂದು ಕೈಯಲ್ಲಿ ಮೊಬೈಲು. ಪಕ್ಕದ ಸೀಟಿನವರಿಗೂ ಎಚ್ಚರವಿತ್ತು. ನಮ್ಮೂರು ಯಾವ ಕಡೆ ಅಂತ ಹೇಳಿದ್ದೇ ತಡ, "ಅಯ್ಯೋ, ಕೈಗಾ ಹತ್ರಾನಾ? ಹೆದರಿಕೆ ಆಗಲ್ವಾ?" ಅಂದರು. ಅಷ್ಟರಲ್ಲಿ ಬಸ್ಸು ಎದುರಿಗೆ ಬಂದ ಟ್ಯಾಂಕರನ್ನು ಗೇಣುದ್ದ ಜಾಗದಲ್ಲಿ ದಾಟಿತು. ಅವರು ಅದನ್ನು ಗಮನಿಸಲೇ ಇಲ್ಲ. ರೇಡಿಯೇಷನ್ ಬಗ್ಗೆ ಮಾತು ಮುಂದುವರಿಯಿತು...

ಇದೇ ಘಟ್ಟದಲ್ಲಿ 2025ರ ಜನವರಿ 22ರಂದು ಸವಣೂರಿನಿಂದ ಕುಮಟಾ ಸಂತೆಗೆ ಹೊರಟಿದ್ದ ಲಾರಿ ಕಂದಕಕ್ಕೆ ಉರುಳಿ 10 ಜನ ಹೋದರು. ಹಣ್ಣು, ತರಕಾರಿ ಮಾರುವ ಬಡ ವ್ಯಾಪಾರಿಗಳು. ಕೈಗಾ ವಿರುದ್ಧ ನಡೆದಂಥ ಒಂದು ಮೆರವಣಿಗೆ ಈ ಘಟ್ಟದ ವಿರುದ್ಧ ನಡೆದದ್ದನ್ನು ನಾನಂತೂ ನೋಡಿಲ್ಲ.

ಕೈಗಾ ಗಲಾಟೆ ಶುರುವಾದಾಗ ನಾನಿನ್ನೂ ಹುಟ್ಟಿರಲಿಲ್ಲ. ನನಗೆ ಗೊತ್ತಿರುವುದರಲ್ಲಿ ಅರ್ಧ ದೊಡ್ಡಪ್ಪ ಹೇಳಿದ್ದು. ಆ ಕಾಲವನ್ನು ಸ್ವಲ್ಪ ನೆನಪಿಸಿಕೊಳ್ಳಿ. 1983ರಲ್ಲಿ ಶಿರಸಿಯ ಸಾಲ್ಕಣಿಯಲ್ಲಿ ಅಪ್ಪಿಕೋ ಶುರುವಾಗಿತ್ತು. ಸೂಪಾ ಅಣೆಕಟ್ಟು ಹಳ್ಳಿಗಳನ್ನು ಮುಳುಗಿಸಿತ್ತು. 1984ರ ಡಿಸೆಂಬರಿನಲ್ಲಿ ಭೋಪಾಲ, 1986ರ ಏಪ್ರಿಲ್ 26ಕ್ಕೆ ಚೆರ್ನೋಬಿಲ್. ಇದೆಲ್ಲ ಆಗುತ್ತಿರುವಾಗಲೇ ಕಾಳಿ ನದಿಯ ದಂಡೆಯ ಕಾಡಿನಲ್ಲಿ ಅಣುಸ್ಥಾವರ ಕಟ್ಟುತ್ತೇವೆ, ಏನೂ ಆಗಲ್ಲ ಅಂತ ದಿಲ್ಲಿಯವರು ಹೇಳಿದರೆ ಯಾರು ನಂಬುತ್ತಾರೆ ಹೇಳಿ?

1989ರ ಲೋಕಸಭಾ ಚುನಾವಣೆಗೆ ಶಿವರಾಮ ಕಾರಂತರೇ ನಮ್ಮ ಕ್ಷೇತ್ರದಿಂದ ನಿಂತರು. ಆಗ ಅವರಿಗೆ 87 ವರ್ಷ, ಜ್ಞಾನಪೀಠ ಬಂದು 12 ವರ್ಷ ಆಗಿತ್ತು. ಸೋತರು. ಅವರ ಭಾಷಣ ಕೇಳಲು ದೊಡ್ಡಪ್ಪ ಅಂಗಡಿ ಮುಚ್ಚಿ ಹೋಗಿದ್ದರಂತೆ. "ಅಜ್ಜ ಓಟು ಕೇಳ್ಲಿಲ್ಲ ಮಾರಾಯ, ಬೈದು ಹೋದ" ಅಂತ ನಗುತ್ತಿದ್ದರು.

ಅಮೆರಿಕದಲ್ಲಿ ಪಾಲ್ ಸ್ಲೋವಿಕ್ ಎಂಬ ಮನಃಶಾಸ್ತ್ರಜ್ಞ ಮತ್ತವರ ಸಂಗಡಿಗರು ಇದನ್ನೇ ಅಳೆದು ನೋಡಿದ್ದರು. 30 ಚಟುವಟಿಕೆ ಮತ್ತು ತಂತ್ರಜ್ಞಾನಗಳ ಪಟ್ಟಿ ಕೊಟ್ಟು, ಅಪಾಯದ ಪ್ರಕಾರ ಜೋಡಿಸಿ ಅಂದರು. ಕಾಲೇಜು ಹುಡುಗರೂ ಮಹಿಳಾ ಮತದಾರರ ಸಂಘದವರೂ ಅಣುವಿದ್ಯುತ್ತನ್ನು 1ನೇ ಜಾಗದಲ್ಲಿಟ್ಟರು. ತಜ್ಞರು ಇಟ್ಟದ್ದು 20ನೇ ಜಾಗದಲ್ಲಿ, ಅವರಿಗೆ 1ನೆಯದು ಮೋಟಾರು ವಾಹನ. 1987ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಸ್ಲೋವಿಕ್ ಲೇಖನದಲ್ಲಿ ಈ ಪಟ್ಟಿ ಇದೆ. ಜನ ದಡ್ಡರು ಅಂತ ಅವರು ಬರೆಯಲಿಲ್ಲ. ತಜ್ಞರು ವರ್ಷಕ್ಕೆ ಎಷ್ಟು ಸಾವು ಅಂತ ಲೆಕ್ಕ ಹಾಕುತ್ತಾರೆ, ಜನ ಬೇರೆಯದನ್ನೂ ಲೆಕ್ಕಕ್ಕೆ ಸೇರಿಸುತ್ತಾರೆ. ಕಣ್ಣಿಗೆ ಕಾಣುತ್ತದೆಯೇ, ಒಂದೇ ಸಲ ಸಾವಿರಾರು ಜನಕ್ಕೆ ತಟ್ಟುತ್ತದೆಯೇ, ಮುಂದಿನ ತಲೆಮಾರಿಗೂ ಹೋಗುತ್ತದೆಯೇ, ಮುಖ್ಯವಾಗಿ ನನ್ನ ಕೈಯಲ್ಲಿ ಏನಾದರೂ ಇದೆಯೇ. ಬೈಕಿನ ಹ್ಯಾಂಡಲ್ ನನ್ನ ಕೈಯಲ್ಲಿದೆ, ಹಾಗಾಗಿ ಭಯ ಇಲ್ಲ!

ಹಾಗಂತ ಕೈಗಾದ ಭಯವೆಲ್ಲ ಬರೀ ಮನಸ್ಸಿನ ಆಟ ಅನ್ನುವ ಹಾಗೂ ಇಲ್ಲ. 1994ರ ಮೇ 13ರಂದು ಮೊದಲನೇ ಘಟಕದ ಒಳಗುಮ್ಮಟದ ಕಾಂಕ್ರೀಟು ತಳಭಾಗದಿಂದ ಕಿತ್ತು ಬಿತ್ತು. ಸುಮಾರು 130 ಟನ್. ಕಟ್ಟುತ್ತಿದ್ದ ಹಂತ, ಇಂಧನ ತುಂಬಿರಲಿಲ್ಲ. ಕೆಲಸಗಾರರಿಗೆ ಗಾಯ ಆಯಿತು, ಜೀವ ಹೋಗಲಿಲ್ಲ. ವಿಕಿರಣ ಹೊರಬರದಂತೆ ತಡೆಯಬೇಕಾದದ್ದೇ ಆ ಗುಮ್ಮಟ. ನಾನೂ ಇಂಜಿನಿಯರೇ. "ಎಲ್ಲಾ ಟೆಸ್ಟ್ ಆಗಿದೆ" ಅಂತ ಶುಕ್ರವಾರ ಸಂಜೆ ರಿಲೀಸ್ ಮಾಡಿದವನು, ಶನಿವಾರ ಏನಾಯಿತು ಅಂತ ಮಾತ್ರ ಕೇಳಬೇಡಿ :)

ಗುಮ್ಮಟದ ವಿನ್ಯಾಸ ಬದಲಿಸಿ ಮತ್ತೆ ಕಟ್ಟಿದರು. 2000ದಲ್ಲಿ ವಿದ್ಯುತ್ ಬಂತು. ಈಗ 220 ಮೆಗಾವಾಟಿನ 4 ಘಟಕಗಳಿವೆ. 2009ರ ನವೆಂಬರಿನಲ್ಲಿ ಯಾರೋ ಕುಡಿಯುವ ನೀರಿನ ಕೂಲರಿಗೆ ಟ್ರಿಟಿಯಂ ಇರುವ ಭಾರಜಲ ಸೇರಿಸಿ 50ಕ್ಕೂ ಹೆಚ್ಚು ನೌಕರರ ದೇಹಕ್ಕೆ ಅದು ಹೋಯಿತು. ಆಮೇಲೆ ಒಂದು ತಮಾಷೆ ನೋಡಿ. ಅದೇ ಮೊದಲನೇ ಘಟಕ 2016ರ ಮೇ 13ಕ್ಕೆ, ಅಂದರೆ ಗುಮ್ಮಟ ಬಿದ್ದು ಸರಿಯಾಗಿ 22 ವರ್ಷಕ್ಕೆ, ಶುರುವಾಗಿ 2018ರ ಡಿಸೆಂಬರ್ 31ರವರೆಗೆ 962 ದಿನ ಒಂದೇ ಸಮನೆ ಓಡಿತು. ಆಗ ಅದು ವಿಶ್ವದಾಖಲೆ.

ದೇಶದ ರಸ್ತೆಗಳಲ್ಲಿ 2022ರಲ್ಲಿ ಸತ್ತವರು 1,68,491. ದಿನಕ್ಕೆ 460ರ ಮೇಲೆ. ಈ ಸಂಖ್ಯೆ ನೋಡಿದಾಗಲೆಲ್ಲ ನನಗೆ ದೊಡ್ಡಪ್ಪ ನೆನಪಾಗುತ್ತಾರೆ. ಕೈಗಾ ಬೇಡ ಅಂತ ಬಿಸಿಲಲ್ಲಿ ನಡೆದ ಮನುಷ್ಯ, ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಮನೆಯಿಂದ ಎರಡು ಕಿಲೋಮೀಟರ್ ದೂರದಲ್ಲಿ ಬೈಕಿನಿಂದ ಬಿದ್ದು ತೀರಿಕೊಂಡರು. ಹಾಲು ತರಲು ಹೊರಟಿದ್ದರು, ಹೆಲ್ಮೆಟ್ ಇರಲಿಲ್ಲ. ಇಷ್ಟು ಹತ್ತಿರಕ್ಕೆ ಯಾಕೆ ಅಂತ. ಕೈಗಾ ವಿಷಯದಲ್ಲಿ ಅವರು ಕೇಳಿದ ಪ್ರಶ್ನೆ ತಪ್ಪಿತ್ತು ಅಂತ ನನಗೆ ಈಗಲೂ ಅನ್ನಿಸುವುದಿಲ್ಲ. ನಮ್ಮನ್ನು ಕೇಳದೆ ನಮ್ಮ ಪಕ್ಕದಲ್ಲಿ ಯಾಕೆ ಕಟ್ಟುತ್ತೀರಿ ಅಂತ ಕೇಳಿದ್ದರು. ರಸ್ತೆಗೆ ಮಾತ್ರ ಅಂಥ ಒಂದು ಪ್ರಶ್ನೆಯನ್ನೂ ಅವರು ಕೇಳಲಿಲ್ಲ. ನಾವೂ ಕೇಳಿಲ್ಲ.

ಈ ಸಲ ಮನೆಯಲ್ಲಿ ದೊಡ್ಡಪ್ಪನ ಹಳೇ ಟ್ರಂಕು ಹುಡುಕಿದೆ, ಆ ಚುನಾವಣೆಯ ಕರಪತ್ರ ಏನಾದರೂ ಸಿಗಬಹುದು ಅಂತ. ಗೆದ್ದಲು ತಿಂದ ಅಂಗಡಿ ಲೆಕ್ಕದ ಪುಸ್ತಕ ಬಿಟ್ಟರೆ ಏನೂ ಇರಲಿಲ್ಲ. ಕಾರಂತರ ಪ್ರಚಾರ ಕಣ್ಣಾರೆ ಕಂಡವರು ನಿಮ್ಮ ಮನೆಯಲ್ಲಿ ಇದ್ದರೆ ದಯವಿಟ್ಟು ಕೇಳಿ ಬರೆಯಿರಿ. ಕಾರವಾರ, ಅಂಕೋಲಾ ಕಡೆಯವರಾದರೆ ಇನ್ನೂ ಒಳ್ಳೆಯದು.