ಹಲ್ಲು ಹೇಳಿದ ನೀರಿನ ಕಥೆ

ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಬಿದ್ದರೆ ಸಾಕು, ಆರತಿ ತಟ್ಟೆ ಕೆಂಪಾಗುತ್ತದೆ. ಪಾವಗಡ ಸೀಮೆಯ ಕುಡಿಯುವ ನೀರಿಗೆ ಮಾಡುವ ಒಂದು ಪರೀಕ್ಷೆಯೂ ಇದೇ ಜಾತಿಯದು. ಪುಟ್ಟ ಸೀಸೆಗೆ ಬೋರ್ ನೀರು ತುಂಬಿ, ಕಿಟ್‌ನಲ್ಲಿರುವ ದ್ರಾವಣದ ಹನಿ ಬಿಟ್ಟು ಅಲುಗಾಡಿಸಬೇಕು. ಬಣ್ಣ ಗುಲಾಬಿಯಾಗಿಯೇ ಉಳಿದರೆ ನಿರಾಳ. ಹಳದಿಯತ್ತ ಹೊರಳಿತೋ, ನೀರಿನಲ್ಲಿ ಫ್ಲೋರೈಡ್ ಹೆಚ್ಚಿದೆ.

ಈ ಪರೀಕ್ಷೆಯ ಹಳೆಯ ಬಗೆಯಲ್ಲಿ ಜಿರ್ಕೋನಿಯಂ ಮತ್ತು ಅಲಿಜರಿನ್ ಕೂಡಿ ಕೆಂಪಾಗಿರುತ್ತವೆ. ಫ್ಲೋರೈಡ್ ಬಂದು ಜಿರ್ಕೋನಿಯಂ ಅನ್ನು ಸೆಳೆದುಕೊಂಡರೆ, ಒಂಟಿಯಾದ ಅಲಿಜರಿನ್ ಹಳದಿಗೆ ತಿರುಗುತ್ತದೆ. ಈ ಸೀಮೆಯ ಹಲ್ಲಿನ ಕಥೆ ಶುರುವಾಗುವುದೂ ಇದೇ ನೀರಿನಿಂದ.

ಈ ಸೀಮೆಯ ಕೊರಟಗೆರೆ, ಮಧುಗಿರಿಗೆ ಜಯಮಂಗಲಿ ಹೊಳೆ, ಶಿರಾಕ್ಕೆ ದೊಡ್ಡ ಕೆರೆಗಳು, ಪಾವಗಡದ ನಾಗಲಮಡಿಕೆಗೆ ಉತ್ತರ ಪಿನಾಕಿನಿ. ಹೆಸರಿಗೆ ಹೊಳೆಗಳಿದ್ದರೂ ಮಳೆ ಕಡಿಮೆ. ಕೆರೆ, ತೆರೆದ ಬಾವಿಗಳು ಬತ್ತಿದಂತೆಲ್ಲ ಬೋರ್ ಲಾರಿಗಳು ಬಂದವು. ಬಂಡೆಯ ಬಿರುಕಿನಲ್ಲಿ ಬಹುಕಾಲ ನಿಂತ ನೀರು ಕಲ್ಲಿನ ಫ್ಲೋರೈಡನ್ನು ಕರಗಿಸಿಕೊಂಡಿರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ.

ಹೀಗಾಗಿ ಸೀಸೆಗಿಂತ ಮೊದಲೇ ಬಣ್ಣ ಬದಲಿಸಿದ್ದು ಮಕ್ಕಳ ಹಲ್ಲು. ದವಡೆಯೊಳಗೆ ಹಲ್ಲು ರೂಪುಗೊಳ್ಳುವ ಎಳೆ ವಯಸ್ಸಿನಲ್ಲೇ ಪೆಟ್ಟು ಬಿದ್ದಿರುತ್ತದೆ. ಸುಣ್ಣದಂಥ ಬಿಳಿ ಮಚ್ಚೆ, ಹೆಚ್ಚಾದರೆ ಅಡ್ಡಡ್ಡ ಕಂದು ಗೆರೆ. ಎಷ್ಟು ಉಜ್ಜಿದರೂ ಹೋಗದು. ಆ ಮಗುವನ್ನು ‘ಹಲ್ಲುಜ್ಜದವನು’ ಎಂದು ಜರಿಯುವುದು ದೊಡ್ಡ ಅನ್ಯಾಯ.

ಅಮೆರಿಕದ ಕೊಲರಾಡೋ ಸ್ಪ್ರಿಂಗ್ಸ್‌ನಲ್ಲಿ ದಂತವೈದ್ಯ ಫ್ರೆಡರಿಕ್ ಮೆಕೇ ಇಂಥದೇ ಕಲೆಯ ಬೆನ್ನು ಹತ್ತಿದ್ದು 1901ರಲ್ಲಿ. ಕಾರಣ ಫ್ಲೋರೈಡ್ ಎಂದು ಗೊತ್ತಾಗಲು 1931 ಬರಬೇಕಾಯಿತು. ಭಾರತದಲ್ಲಿ ಫ್ಲೋರೈಡ್ ತರುವ ರೋಗ ವೈದ್ಯಲೋಕದ ಕಣ್ಣಿಗೆ ಬಿದ್ದದ್ದು 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ. ಅಲ್ಲಿನ ರೈತರು ಅದಕ್ಕೂ ಮೊದಲೇ ಕಂಡಿದ್ದರು: ಕೀಲು ಬಿಗಿದು ನಡೆಯಲಾರದೆ ನಿಂತ ಉಳುವ ಎತ್ತುಗಳನ್ನು. ಮನುಷ್ಯರ ಮೂಳೆಗೂ ಅದೇ ಗತಿ.

ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಇದ್ದರೆ ಸರಿ. ಬೇರೆ ನೀರೇ ಸಿಗದಿದ್ದರೆ 1.5ರವರೆಗೆ ಎನ್ನುತ್ತದೆ ಭಾರತೀಯ ಮಾನದಂಡ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ. ಅದಕ್ಕೇ ಊರೂರಲ್ಲಿ ಶುದ್ಧ ನೀರಿನ ಘಟಕ, ಅದರ ಮುಂದೆ ಕ್ಯಾನು ಹಿಡಿದ ಸಾಲು. 2019ರಲ್ಲಿ ಬಂದ ಜಲ ಜೀವನ್ ಮಿಷನ್ ಪರೀಕ್ಷೆಯ ಕಿಟ್ಟನ್ನು ಹಳ್ಳಿಯ ಹೆಂಗಸರ ಕೈಗೇ ಕೊಡಲು ಹೊರಟಿತು, ಊರಿಗೆ ಐವರಂತೆ. ತುಂಗಭದ್ರೆಯ ಹಿನ್ನೀರನ್ನು ಪಾವಗಡಕ್ಕೆ ತರುವ ಯೋಜನೆಯ ಹಿಂದಿರುವುದೂ ಇದೇ ಕಂದು ಗೆರೆ.